ಹೆಸರಿನ ಬಾಲಂಗೋಚಿ

ನಿಮ್ಮ ಆಫೀಸಿನ ಎಚ್‌ಆರ್ ಕಡೆಯಿಂದ ಬಂದ ಕೊನೆಯ ಮೇಲ್ ಒಮ್ಮೆ ತೆರೆದು ನೋಡಿ. ರಾಜ್ಯೋತ್ಸವಕ್ಕೆ ಎಲ್ಲರೂ ಹಳದಿ-ಕೆಂಪು ಬಟ್ಟೆ ಹಾಕ್ಕೊಂಡು ಬನ್ನಿ ಅಂತಲೋ, ಮುಂದಿನ ತಿಂಗಳಿಂದ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅಂತಲೋ ಇರುತ್ತೆ. ಅದನ್ನು ಬಿಡಿ. ಕೆಳಗೆ ಸಹಿ ಇರುತ್ತಲ್ಲ, ಅಲ್ಲಿಗೆ ಹೋಗಿ. ಹೆಸರು, ಅದರ ಪಕ್ಕ ಒಂದು ಕಾಮಾ, ಆಮೇಲೆ ಕ್ಯಾಪಿಟಲ್ ಅಕ್ಷರಗಳ ಒಂದು ಗೊಂಚಲು. ಎಸ್‌ಎಚ್‌ಆರ್‌ಎಂ-ಸಿಪಿ. ಪಿಎಚ್‌ಆರ್‌ಐ. ಅಸೋಸಿಯೇಟ್ ಸಿಐಪಿಡಿ. ಕೆಲವರದು ಗಾಳಿಪಟದ ಬಾಲಂಗೋಚಿಯ ಹಾಗೆ ಎರಡನೇ ಸಾಲಿಗೂ ಇಳಿದಿರುತ್ತೆ.

ಈ ಅಕ್ಷರಗಳನ್ನು ಕೊಡುವವರು ಯಾರು, ಯಾಕೆ ಕೊಡ್ತಾರೆ, ಅವು ಇದ್ದರೆ ನಿಮಗೇನು ಲಾಭ ಅನ್ನೋದು ನನ್ನ ಪ್ರಶ್ನೆ. ನಿಮಗೆ ಅಂದರೆ, ಆ ಮೇಲ್ ಓದುವವರಿಗೆ. ಬರೆದವರಿಗೆ ಏನು ಲಾಭ ಅಂತ ನನಗೆ ಗೊತ್ತು. ಯಾಕಂದ್ರೆ ನಾನೂ ಎಚ್‌ಆರ್‌ನವಳೇ. ಎಂಎಸ್‌ಡಬ್ಲ್ಯು ಓದಿ, ಮೊದಲ ನಾಲ್ಕು ವರ್ಷ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದೆ. ಆಮೇಲೆ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಿಗೆ ಬಂದೆ. ಕ್ಯಾಂಟೀನಿನಲ್ಲಿ ಕೂತು ನೀವು ಯಾರನ್ನು ಬೈಕೋತೀರೋ ಅವರ ಪೈಕಿ ಒಬ್ಬಳು. ನನ್ನ ಹೆಸರಿಗೆ ಬಾಲಂಗೋಚಿ ಇಲ್ಲ. ಇರುವವರ ಮೇಲೆ ಇವಳಿಗೆ ಹೊಟ್ಟೆಕಿಚ್ಚು ಅಂತ ಅಂದುಕೊಂಡರೂ ತೊಂದರೆ ಇಲ್ಲ, ಮುಂದೆ ಓದಿ.

ನಾನು ಕಂಡ ಹಾಗೆ ನಮ್ಮ ಐಟಿ ಕಾರಿಡಾರಿನಲ್ಲಿ ಹೆಚ್ಚು ಓಡುವ ಬ್ರ್ಯಾಂಡು ಅಮೆರಿಕದ್ದು. ಸೊಸೈಟಿ ಫಾರ್ ಹ್ಯೂಮನ್ ರಿಸೋರ್ಸ್ ಮ್ಯಾನೇಜ್‌ಮೆಂಟ್. ಅಕ್ಷರ ಬಿಡಿಸಿ ಹೇಳೋ ತಾಳ್ಮೆ ಇಲ್ಲದವರು 'ಶರ್ಮ್' ಅಂತಾರೆ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಇದರ ಮುಖ್ಯ ಕಚೇರಿ. 1948ರಲ್ಲಿ ಶುರುವಾದಾಗ ಹೆಸರಲ್ಲಿ 'ಪರ್ಸನಲ್' ಅಂತಿತ್ತು, 1989ರಲ್ಲಿ 'ಹ್ಯೂಮನ್ ರಿಸೋರ್ಸ್' ಆಯಿತು. ಇದರ ಮಗ್ಗುಲಲ್ಲೇ ಹುಟ್ಟಿದ ಇನ್ನೊಂದು ಸಂಸ್ಥೆ ಎಚ್‌ಆರ್‌ಸಿಐ. 1976ರಿಂದ ಪರೀಕ್ಷೆ ನಡೆಸಿ ಪಿಎಚ್‌ಆರ್ ಥರದ ಸರ್ಟಿಫಿಕೇಟು ಕೊಡುತ್ತಾ ಬಂದಿದ್ದು ಅದು. ಸುಮಾರು ನಾಲ್ಕು ದಶಕ ಎರಡೂ ಒಂದೇ ಮನೆಯವರ ಹಾಗೆ ಇದ್ದವು. ಶರ್ಮ್ ಓದಿಸೋದು, ಎಚ್‌ಆರ್‌ಸಿಐ ಪರೀಕ್ಷೆ ಮಾಡೋದು.

2014ರ ಮೇ ತಿಂಗಳಲ್ಲಿ ಮನೆ ಪಾಲಾಯಿತು. ಇನ್ನು ಮುಂದೆ ನಮ್ಮದೇ ಸರ್ಟಿಫಿಕೇಟು ಅಂತ ಶರ್ಮ್ ಘೋಷಿಸಿತು. ಬರೀ ಜ್ಞಾನ ಅಳೆದರೆ ಸಾಲದು, 'ಕಾಂಪಿಟೆನ್ಸಿ', ಅಂದರೆ ಕೆಲಸದಲ್ಲಿ ತೋರಿಸುವ ಸಾಮರ್ಥ್ಯವನ್ನು ಅಳೆಯಬೇಕು ಅನ್ನೋದು ಅವರು ಕೊಟ್ಟ ಕಾರಣ. ಒಳ್ಳೇ ಕಾರಣವೇ. ಆದರೆ ಮುಂದಿನ ಹೆಜ್ಜೆ ನೋಡಿ. ಆಗಲೇ ಎಚ್‌ಆರ್‌ಸಿಐ ಸರ್ಟಿಫಿಕೇಟು ಇದ್ದವರಿಗೆ 2015ರ ಕೊನೆಯವರೆಗೆ ಒಂದು ಸುಲಭದ ದಾರಿ ತೆರೆದರು. ನಿಮ್ಮ ಹಳೇ ಸರ್ಟಿಫಿಕೇಟು ಚಾಲ್ತಿಯಲ್ಲಿದೆ ಅಂತ ತೋರಿಸಿ, ನೀತಿಸಂಹಿತೆಗೆ ಸಹಿ ಹಾಕಿ, ಆನ್‌ಲೈನಿನಲ್ಲಿ ಒಂದು ಪುಟ್ಟ ಪಾಠ ಮುಗಿಸಿ. ಅಷ್ಟೇ. ಹೊಸ ಸರ್ಟಿಫಿಕೇಟು ಉಚಿತ, ಪರೀಕ್ಷೆ ಇಲ್ಲ.

ಇದನ್ನು ನಾನು ಎಷ್ಟು ಸಲ ಯೋಚಿಸಿದರೂ ನಗು ಬರುತ್ತೆ. ಹಳೇ ಪರೀಕ್ಷೆ ಸಾಮರ್ಥ್ಯವನ್ನು ಅಳೆಯಲ್ಲ ಅಂತ ತಾನೆ ಹೊಸದು ಮಾಡಿದ್ದು? ಹಾಗಾದ್ರೆ ಅದೇ ಹಳೇ ಪರೀಕ್ಷೆ ಪಾಸಾದವರ ಸಾಮರ್ಥ್ಯ ಒಂದು ಆನ್‌ಲೈನ್ ಪಾಠದಲ್ಲಿ ಹೇಗೆ ಗೊತ್ತಾಯಿತು? ಉತ್ತರ ಕಷ್ಟದ್ದಲ್ಲ. ಬೆಣ್ಣೆದೋಸೆ ಹೋಟೆಲಿನ ಅಣ್ಣತಮ್ಮಂದಿರು ಪಾಲಾಗಿ ಎದುರುಬದುರು ಬೋರ್ಡು ಹಾಕಿಕೊಂಡರೆ ಮೊದಲ ದಿನ ಏನು ಮಾಡ್ತಾರೆ? ಹಳೇ ಗಿರಾಕಿಗಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಬರ್ತಾರೆ. ಎರಡೂ ಬೋರ್ಡಿನ ಮೇಲೆ 'ಒರಿಜಿನಲ್' ಅಂತ ಇರುತ್ತೆ.

ಪರೀಕ್ಷೆ ಸುಲಭ ಅಂತ ನಾನು ಹೇಳ್ತಿಲ್ಲ. ತಿಂಗಳುಗಟ್ಟಲೆ ರಾತ್ರಿ ಕೂತು ಓದಿ ಬರೆದವರು ನನಗೆ ಗೊತ್ತು, ಒಂದೆರಡು ಸಲ ಫೇಲಾದವರೂ ಗೊತ್ತು. ಶುಲ್ಕವೇ ನೂರಾರು ಡಾಲರು, ಜೊತೆಗೆ ಓದುವ ಸಾಮಗ್ರಿ, ಕೋಚಿಂಗು. ಶರ್ಮ್ ಅಂಕ ಕೊಡುವ ರೀತಿ ಮಾತ್ರ ವಿಚಿತ್ರ: 120ರಿಂದ 200ರ ಅಳತೆಪಟ್ಟಿ, 200 ಬಂದರೆ ಪಾಸು. ಅಂದರೆ ಪಾಸಾದವರೆಲ್ಲ ಒಂದೇ ಮೆಟ್ಟಿಲಲ್ಲಿ ನಿಂತಿರ್ತಾರೆ. ಒಬ್ಬರು ಕೂದಲೆಳೆಯಲ್ಲಿ ದಾಟಿದರೋ ಹಾರಿ ದಾಟಿದರೋ ಯಾರಿಗೂ ತಿಳಿಯಲ್ಲ. ಪಾಸಾದ ಮೇಲೂ ಬಿಡುಗಡೆ ಇಲ್ಲ. ಮೂರು ವರ್ಷಕ್ಕೊಮ್ಮೆ 60 ಕ್ರೆಡಿಟ್ ತೋರಿಸಬೇಕು, ಇಲ್ಲ ಅಂದ್ರೆ ಮತ್ತೆ ಪರೀಕ್ಷೆ ಬರೀಬೇಕು. ವೆಬಿನಾರ್ ಕೇಳಿದರೆ ಕ್ರೆಡಿಟ್, ಸಮ್ಮೇಳನಕ್ಕೆ ಹೋದರೆ ಕ್ರೆಡಿಟ್. ಸಮ್ಮೇಳನ ನಡೆಸುವವರು ಯಾರು, ಅದಕ್ಕೆ ದುಡ್ಡು ತಗೊಳ್ಳುವವರು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ವೆಬಿನಾರನ್ನು ಮ್ಯೂಟ್ ಮಾಡಿ ಪೇರೋಲ್ ಎಕ್ಸೆಲ್ ಶೀಟು ಸರಿಮಾಡುತ್ತಾ ಕೂತ ಸಹೋದ್ಯೋಗಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರನ್ನು ತಪ್ಪು ಅನ್ನಲಾರೆ, ಪೇರೋಲ್ ಮುಖ್ಯ.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ದುಡ್ಡು ಕೊಡುವವರಿದ್ದಾರೆ, ತಗೊಳ್ಳುವವರಿದ್ದಾರೆ. ನನ್ನ ತಕರಾರು ಇರೋದು ಪಠ್ಯದಲ್ಲಿ ಏನಿಲ್ಲ ಅನ್ನೋದರ ಬಗ್ಗೆ.

ಎಚ್‌ಆರ್‌ಸಿಐನ ಪಿಎಚ್‌ಆರ್ ಅಮೆರಿಕದ ಕಾನೂನಿನ ಮೇಲೆ ನಿಂತ ಪರೀಕ್ಷೆ. ಹೊರಗಿನವರಿಗೆ ಅಂತ ಕೊನೆಗೆ ಒಂದು 'ಐ' ಸೇರಿಸಿ ಪಿಎಚ್‌ಆರ್‌ಐ ಮಾಡಿದರು, ಇಂಟರ್‌ನ್ಯಾಷನಲ್ ಅಂತ. ಶರ್ಮ್ ಪರೀಕ್ಷೆಯನ್ನು ಅಮೆರಿಕದ ಹೊರಗೆ ಬರೆಯುವವರಿಗೆ ಅಲ್ಲಿನ ಕಾನೂನಿನ ಪ್ರಶ್ನೆ ಇರುವುದಿಲ್ಲ. ಹಾಗಂತ ಆ ಖಾಲಿ ಜಾಗಕ್ಕೆ ನಮ್ಮ ಕಾನೂನು ಬಂದು ಕೂರುವುದೂ ಇಲ್ಲ. ಜಗತ್ತಿಗೆಲ್ಲ ಒಂದೇ ಅಂಗಿ ಹೊಲಿದರೆ ತೋಳಿನ ಅಳತೆ ಯಾರದ್ದೂ ಇಡೋಕಾಗಲ್ಲ ನೋಡಿ. ಹಾಗಾಗಿ ಬೆಂಗಳೂರಿನ ಎಚ್‌ಆರ್ ಒಬ್ಬರು ಈ ಪರೀಕ್ಷೆಯನ್ನು ಚೆನ್ನಾಗಿ ಪಾಸಾಗಬಹುದು, ಗ್ರಾಚ್ಯುಟಿ ಲೆಕ್ಕದಲ್ಲಿ ತಿಂಗಳ ಸಂಬಳವನ್ನು 30ರಿಂದ ಅಲ್ಲ, 26ರಿಂದ ಭಾಗಿಸಿ 15ರಿಂದ ಗುಣಿಸಬೇಕು ಅಂತ ಗೊತ್ತಿಲ್ಲದೆಯೇ. ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದು ಕಾನೂನುಬಾಹಿರ, 50 ಅಥವಾ ಹೆಚ್ಚು ಜನರಿದ್ದರೆ ಶಿಶುವಿಹಾರದ ವ್ಯವಸ್ಥೆ ಇರಬೇಕು ಅಂತ 2017ರ ತಿದ್ದುಪಡಿ ಹೇಳಿತು, ಇವು ಯಾವೂ ತಿಳಿಯದೆಯೂ ಪಾಸಾಗಬಹುದು. ನಿಮ್ಮ ಜೇಬಿಗೆ, ನಿಮ್ಮ ಮಗುವಿಗೆ ನೇರವಾಗಿ ತಾಗುವ ವಿಷಯಗಳು ಇವು.

'ಕಾನೂನಿಗೆ ಲೀಗಲ್ ಟೀಮ್ ಇದೆಯಲ್ಲ' ಅಂತ ಒಬ್ಬ ಎಚ್‌ಆರ್ ಹೆಡ್ ನನಗೆ ಹೇಳಿದ್ದರು. ಇದೆ. ಆದರೆ ಲೀಗಲ್ ಟೀಮಿನ ಬಾಗಿಲು ತಟ್ಟುವುದು ಕಂಪನಿಗೆ ಕಷ್ಟ ಬಂದಾಗ. ಕೆಲಸ ಮಾಡುವವರಿಗೆ ಕಷ್ಟ ಬಂದಾಗ ತಟ್ಟುವುದು ಎಚ್‌ಆರ್ ಬಾಗಿಲನ್ನೇ.

ಕೋಲಾರದ ನರಸಾಪುರ ನೆನಪಿದೆಯಾ? 2020ರ ಡಿಸೆಂಬರ್ 12, ಬೆಳಗ್ಗೆ. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಬಂದ ಹುಡುಗರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಟಿವಿಯಲ್ಲಿ ಎರಡು ದಿನ ಬರೀ ಅದೇ. ರಾಜ್ಯದ ಹೆಸರು ಕೆಟ್ಟಿತು, ಹೂಡಿಕೆದಾರರು ಏನಂದುಕೊಳ್ಳುತ್ತಾರೆ ಅಂತ ಚರ್ಚೆ. ಆಮೇಲೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಅಧಿಕಾರಿಗಳು ಹೋಗಿ ಪರಿಶೀಲಿಸಿ ವರದಿ ಕೊಟ್ಟರು. ಪಾಳಿಯನ್ನು ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಬದಲಿಸಿದ್ದರು, ಹಾಜರಾತಿ ಯಂತ್ರ ಸರಿಯಾಗಿ ಲೆಕ್ಕ ಹಿಡಿಯುತ್ತಿರಲಿಲ್ಲ, ದುಡಿದ ದಿನಕ್ಕೂ ಬಂದ ಸಂಬಳಕ್ಕೂ ತಾಳೆ ಆಗುತ್ತಿರಲಿಲ್ಲ, ಕೇಳಿದರೆ ಸರಿಪಡಿಸುವವರಿರಲಿಲ್ಲ. ಅದರಲ್ಲಿ ಒಂದು ಮಾತು ಪತ್ರಿಕೆಗಳಲ್ಲಿ ಓದಿದಾಗ ನನ್ನ ಎದೆಗೇ ತಾಗಿತು. ಸ್ವಲ್ಪವೇ ಸಮಯದಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿದರೂ, ಕಾರ್ಮಿಕ ಕಾನೂನು ಚೆನ್ನಾಗಿ ತಿಳಿದವರನ್ನು ಇಟ್ಟುಕೊಂಡು ಎಚ್‌ಆರ್ ವಿಭಾಗವನ್ನು ಕಟ್ಟಿರಲಿಲ್ಲ ಅನ್ನುವುದು ಅದರ ಸಾರಾಂಶ.

ಆ ಕಂಪನಿ ಆಮೇಲೆ ಲೋಪ ಒಪ್ಪಿಕೊಂಡಿತು, ಭಾರತದ ವ್ಯವಹಾರ ನೋಡುತ್ತಿದ್ದ ಹಿರಿಯ ಅಧಿಕಾರಿಯನ್ನು ತೆಗೆಯಿತು, ಆಪಲ್ ಕೆಲವು ತಿಂಗಳು ಹೊಸ ಆರ್ಡರ್ ಕೊಡಲಿಲ್ಲ. ಈಗ ಆ ಕಾರ್ಖಾನೆ ಟಾಟಾದವರ ಕೈಯಲ್ಲಿದೆ. ಆದರೆ ನಮ್ಮ ವೃತ್ತಿಯವರು ಆ ಮಾತನ್ನು ಎಷ್ಟು ಮಾತಾಡಿದೆವು? ಗಾಜು ಒಡೆದದ್ದು ತಪ್ಪೇ. ಆದರೆ ಎಚ್‌ಆರ್ ಮಾಡಬೇಕಾದ ಕೆಲಸ ಮಾಡದಿದ್ದರೆ ಏನಾಗಬಹುದು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸರ್ಕಾರಿ ದಾಖಲೆ ಸಿಕ್ಕಿದೆ. ನಾನಾಗಿದ್ದರೆ ಪರೀಕ್ಷೆಗೆ ಅದೊಂದನ್ನೇ ಕೊಟ್ಟು, 'ಅಕ್ಟೋಬರಿನಲ್ಲಿ ನೀವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ, ಬರೆಯಿರಿ' ಅಂತ ಕೇಳುತ್ತಿದ್ದೆ.

ಇನ್ನೊಂದು ವಿಷಯ. ನರಸಾಪುರದಲ್ಲಿ ಬಹುಪಾಲು ಜನ ಗುತ್ತಿಗೆಯವರು, ಏಜೆನ್ಸಿಗಳ ಮೂಲಕ ಬಂದವರು. ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ಬ್ರಿಟಿಷರ ಕಾಲದ ಗಿರಣಿಗಳಲ್ಲಿ ಕೆಲಸಕ್ಕೆ ಸೇರಿಸುತ್ತಿದ್ದವನು ಜಾಬರ್, ನಮ್ಮ ಭಾಷೆಯಲ್ಲಿ ಮೇಸ್ತ್ರಿ. ಸೇರಿಸೋಕೆ ಲಂಚ, ಉಳಿಸೋಕೆ ಲಂಚ. 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ರಾಯಲ್ ಕಮಿಷನ್, ಮೇಸ್ತ್ರಿಯ ಕೈಯಿಂದ ನೇಮಕಾತಿಯನ್ನು ಬಿಡಿಸಿ ಲೇಬರ್ ಆಫೀಸರ್ ಅನ್ನುವವರ ಕೈಗೆ ಕೊಡಿ ಅಂತ ಹೇಳಿತು. ನಮ್ಮ ವೃತ್ತಿ ಈ ದೇಶದಲ್ಲಿ ಬೇರು ಬಿಟ್ಟಿದ್ದು ಹಾಗೆ, ಮಧ್ಯದವನನ್ನು ತೆಗೆಯೋಕೆ. ಸುಮಾರು ತೊಂಬತ್ತು ವರ್ಷದ ನಂತರ ಮಧ್ಯದವನು ಕೋಟು ಹಾಕಿಕೊಂಡು ವಾಪಸ್ ಬಂದಿದ್ದಾನೆ. ಅವನ ಜೊತೆ ಒಪ್ಪಂದಕ್ಕೆ ಸಹಿ ಹಾಕುವವರು ನಾವೇ.

ಇಂಗ್ಲೆಂಡಿನ ಕತೆಯೂ ಹೀಗೇ ಕೆಳಗಿನಿಂದಲೇ ಶುರುವಾಗುತ್ತೆ. ಯಾರ್ಕ್ ಊರಿನ ರೌಂಟ್ರೀ ಚಾಕೊಲೇಟ್ ಕಂಪನಿ (ಕಿಟ್‌ಕ್ಯಾಟ್ ಹುಟ್ಟಿದ ಮನೆ) 1896ರಲ್ಲಿ ಮೇರಿ ವುಡ್ ಅನ್ನುವ ಹೆಂಗಸನ್ನು ಕಾರ್ಖಾನೆಯ ಹುಡುಗಿಯರ ಯೋಗಕ್ಷೇಮ ನೋಡಿಕೊಳ್ಳೋಕೆ ಅಂತಲೇ ನೇಮಿಸಿತು. 1913ರಲ್ಲಿ ಅದೇ ಯಾರ್ಕ್‌ನಲ್ಲಿ ಇಂಥ ಕೆಲಸ ಮಾಡುವವರು ಸೇರಿ ಸಂಘ ಕಟ್ಟಿದರು. ಹೆಚ್ಚಿನವರು ಹೆಂಗಸರು. ಅದರ ಹೆಸರಲ್ಲಿ 'ವೆಲ್‌ಫೇರ್' ಇತ್ತು, ಆಮೇಲೆ 'ಪರ್ಸನಲ್ ಮ್ಯಾನೇಜ್‌ಮೆಂಟ್' ಬಂತು, 2000ದಲ್ಲಿ ರಾಜಮುದ್ರೆಯ ಚಾರ್ಟರ್ ಸಿಕ್ಕಿ ಸಿಐಪಿಡಿ ಆಯಿತು. ಹೆಸರಿನಿಂದ ಯೋಗಕ್ಷೇಮ ಜಾರಿ ಬಿದ್ದಿದ್ದು ಯಾವ ತಿರುವಿನಲ್ಲಿ ಅಂತ ಗಮನಿಸಿದರೆ ಮಿಕ್ಕ ಕತೆ ತಾನಾಗಿಯೇ ತಿಳಿಯುತ್ತೆ. ಶರ್ಮ್ ಅಂತೂ 2024ರ ಜುಲೈನಲ್ಲಿ ತಾನೇ ವರ್ಷಗಟ್ಟಲೆ ಬಳಸಿದ 'ಇನ್‌ಕ್ಲೂಷನ್, ಈಕ್ವಿಟಿ, ಡೈವರ್ಸಿಟಿ' ಅನ್ನುವ ಮೂರು ಪದಗಳಲ್ಲಿ ಮಧ್ಯದ್ದನ್ನು ಕಿತ್ತು ಬಿಸಾಕಿತು. ಅಮೆರಿಕದ ರಾಜಕೀಯದ ಗಾಳಿ ಆ ಕಡೆ ಬೀಸುತ್ತಿತ್ತು. ಸಮಾನತೆಯ ಪಾಠಕ್ಕೆ ಕ್ರೆಡಿಟ್ ತಗೊಂಡವರು ಅದನ್ನು ವಾಪಸ್ ಕೊಡಬೇಕಾ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದ್ದರು.

ಸರಿ, ನೀತಿಸಂಹಿತೆ ಇದೆಯಲ್ಲ? ಇದೆ, ಎಲ್ಲರದ್ದೂ ಇದೆ, ಚೆನ್ನಾಗಿಯೂ ಇದೆ. ನನ್ನ ಗೆಳತಿಯೊಬ್ಬಳ ವಿಷಯ ಹೇಳ್ತೀನಿ, ಕಂಪನಿ ಯಾವುದು ಅನ್ನೋದು ಬೇಡ. 2023ರ ಲೇಆಫ್ ಸುಗ್ಗಿಯಲ್ಲಿ ಅವಳಿಗೆ ಹದಿನೈದು ನಿಮಿಷದ ಒಂದು ಮೀಟಿಂಗ್ ಇನ್ವೈಟ್ ಬಂತು. ಆ ಕಡೆ ಎಚ್‌ಆರ್ ಒಬ್ಬಳು, ಹೆಸರಿಗೆ ಎರಡೆರಡು ಬಾಲಂಗೋಚಿ. 'ನೀವಾಗಿಯೇ ರಾಜೀನಾಮೆ ಕೊಟ್ಟರೆ ಎಕ್ಸ್‌ಪೀರಿಯನ್ಸ್ ಲೆಟರ್ ಚೆನ್ನಾಗಿ ಬರುತ್ತೆ, ಇಲ್ಲ ಅಂದ್ರೆ ಪರ್ಫಾರ್ಮೆನ್ಸ್ ಅಂತ ಬರೀಬೇಕಾಗುತ್ತೆ, ಇವತ್ತು ಸಂಜೆ ಆರರೊಳಗೆ ಹೇಳಿ.' ದನಿ ಬಹಳ ಮೃದು ಇತ್ತಂತೆ, ಅದನ್ನೇ ಅವಳು ಎರಡು ಮೂರು ಸಲ ಹೇಳಿದಳು. ಮೃದುವಾಗಿ ಮಾತಾಡೋದು ಕಾಂಪಿಟೆನ್ಸಿ ಪಟ್ಟಿಯಲ್ಲಿ ಇದೆ. ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಮಿನಲ್ಲಿ ಒಂದು ತಿಂಗಳ ನೋಟಿಸು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಅಂತೆಲ್ಲ ಇತ್ತು, ತನಗೆ ಅದು ಅನ್ವಯಿಸುತ್ತದಾ ಅಂತ ಕೇಳಿಕೊಳ್ಳುವ ಅವಕಾಶವೂ ಅವಳಿಗೆ ಆ ಹದಿನೈದು ನಿಮಿಷದಲ್ಲಿ ಸಿಗಲಿಲ್ಲ. ಸಂಜೆ ಆರಕ್ಕೆ ಐದು ನಿಮಿಷ ಇದ್ದಾಗ ಬರೆದುಕೊಟ್ಟಳು. ಅಪ್ಪನ ಆಪರೇಷನ್ ಇತ್ತು, ಇನ್ಶೂರೆನ್ಸ್ ತಿಂಗಳ ಕೊನೆಯವರೆಗೆ ನಡೆಯಲಿ ಅಂತ.

ಈಗ ಅವಳು ಯಾರಿಗೆ ದೂರು ಕೊಡಬೇಕು? ಒಬ್ಬ ಸಿಎ ಸುಳ್ಳು ಆಡಿಟ್ ಮಾಡಿದರೆ 1949ರ ಕಾಯ್ದೆ ಇದೆ, ಸಂಸ್ಥೆ ವಿಚಾರಣೆ ಮಾಡಿ ಅವರ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು. ತೆಗೆದರೆ ಅವರು ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ವಕೀಲರಿಗೆ 1961ರ ಕಾಯ್ದೆ. ಎಚ್‌ಆರ್‌ಗೆ ಅಂಥ ಕಾಯ್ದೆ ನಮ್ಮಲ್ಲಿ ಇಲ್ಲ. ಸಿಐಪಿಡಿ ಥರದವರು ಸದಸ್ಯರ ಮೇಲಿನ ದೂರು ವಿಚಾರಿಸುತ್ತಾರೆ ಅನ್ನಿ. ಆದರೆ ಸದಸ್ಯತ್ವ ಹೋದರೂ ಸೋಮವಾರ ಬೆಳಗ್ಗೆ ಅದೇ ಕುರ್ಚಿ, ಅದೇ ಲ್ಯಾಪ್‌ಟಾಪ್. ಸಹಿಯಿಂದ ನಾಲ್ಕು ಅಕ್ಷರ ಅಳಿಸಿದರೆ ಮುಗಿಯಿತು. ಪ್ರಮಾಣಪತ್ರವನ್ನು ನಂಬುವವನು ಕಂಪನಿಯವನು, ಅದಕ್ಕೆ ಶುಲ್ಕ ಎಷ್ಟೋ ಸಲ ತುಂಬುವವನೂ ಅವನೇ. ಆ ವೃತ್ತಿಯ ಕೈಯಲ್ಲಿ ಬದುಕು ಸಿಕ್ಕಿಹಾಕಿಕೊಂಡವನಿಗೆ ಇದರಲ್ಲಿ ಪಾತ್ರವೇ ಇಲ್ಲ.

ಹಾಗಂತ ಲೈಸೆನ್ಸ್ ತಂದುಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತಲೂ ನಾನು ನಂಬಲ್ಲ. ನಮ್ಮೂರಲ್ಲಿ ಪರ್ಮಿಟ್ ಇಲ್ಲದ ಆಟೊ ಕಡಿಮೆ. ಮೀಟರ್ ಹಾಕುವ ಆಟೊ ಎಷ್ಟಿದೆ ನೀವೇ ಹೇಳಿ.

ನಮ್ಮದೇ ಸಂಸ್ಥೆಗಳ ಬಗ್ಗೆ ಎರಡು ಮಾತು. ಕೋಲ್ಕತ್ತದಲ್ಲಿ ಕೇಂದ್ರವಿರುವ ಎನ್‌ಐಪಿಎಂ ಇದೆ, ಎರಡು ಹಳೇ ಸಂಸ್ಥೆಗಳು ಸೇರಿ 1980ರಲ್ಲಿ ಆದದ್ದು. ಟಿ.ವಿ. ರಾವ್ ಥರದ ದೊಡ್ಡವರು ಸೇರಿ 1985ರಲ್ಲಿ ಕಟ್ಟಿದ ನ್ಯಾಷನಲ್ ಎಚ್‌ಆರ್‌ಡಿ ನೆಟ್‌ವರ್ಕ್ ಇದೆ. ಇವುಗಳ ಚಾಪ್ಟರ್ ಸಭೆಗಳಲ್ಲಿ ನಾನು ಕೂತಿದ್ದೇನೆ. ಅರ್ಧ ಸಮಯ ಹಾರ, ಶಾಲು, ಸ್ಮರಣಿಕೆಗೆ ಹೋಗುತ್ತೆ ಅನ್ನೋದು ನಿಜ. ಆದರೆ ಸಾರ್ವಜನಿಕ ಉದ್ಯಮಗಳಲ್ಲಿ ದುಡಿದು ನಿವೃತ್ತರಾದ ಪರ್ಸನಲ್ ಮ್ಯಾನೇಜರುಗಳು, ಯೂನಿಯನ್ ಜೊತೆ ರಾತ್ರಿಯೆಲ್ಲ ಕೂತು ಒಪ್ಪಂದ ಮಾಡಿದವರು, ಊಟದ ತಟ್ಟೆ ಹಿಡಿದುಕೊಂಡು ಹೇಳುವ ಮಾತುಗಳಲ್ಲಿ ನಾನು ಕಲಿತಷ್ಟು ಯಾವ ವೆಬಿನಾರಿನಲ್ಲೂ ಕಲಿತಿಲ್ಲ. ನಮ್ಮ ಹೊಸ ಹುಡುಗ ಹುಡುಗಿಯರು ಅಲ್ಲಿಗೆ ಬರಲ್ಲ. ಅಲ್ಲಿ ಸಿಗುವ ಅಕ್ಷರಗಳಿಗೆ ಲಿಂಕ್ಡ್‌ಇನ್‌ನಲ್ಲಿ ಬೆಲೆ ಕಡಿಮೆ.

ಕಾನೂನೇ ಒಂದು ಕಾಲದಲ್ಲಿ ಇದಕ್ಕಿಂತ ಚೆನ್ನಾಗಿ ಯೋಚಿಸಿತ್ತು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮು 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಇರಲೇಬೇಕು ಅನ್ನುತ್ತಿತ್ತು. 2020ರ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು, ಒಳ್ಳೆಯದೇ ಆಯಿತು. ಅರ್ಹತೆ ಏನು ಅಂತ ನಿಗದಿ ಮಾಡುವುದು ರಾಜ್ಯ. ಹಲವು ರಾಜ್ಯಗಳ ನಿಯಮಗಳಲ್ಲಿ ಡಿಗ್ರಿ ಡಿಪ್ಲೊಮಾ ಆದಮೇಲೆ ಇನ್ನೊಂದು ಅರ್ಹತೆ ಬರುತ್ತೆ: ಆ ಪ್ರದೇಶದ ಹೆಚ್ಚಿನ ಕೆಲಸಗಾರರು ಆಡುವ ಭಾಷೆ ಗೊತ್ತಿರಬೇಕು. ನನ್ನ ಲೆಕ್ಕದಲ್ಲಿ ಜಗತ್ತಿನ ಯಾವ ಎಚ್‌ಆರ್ ಸರ್ಟಿಫಿಕೇಟಿನಲ್ಲೂ ಇದಕ್ಕಿಂತ ಬುದ್ಧಿವಂತಿಕೆಯ ಷರತ್ತು ಇಲ್ಲ.

ಯಾಕೆ ಅಂತ ಹೇಳ್ತೀನಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರೋಡು, ತುಮಕೂರು ರೋಡು ಎಲ್ಲ ತುಂಬಿಕೊಂಡಿದ್ದರು, ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗೋವರೆಗೆ ತೆಗೆಯೋಕಾಗಲ್ಲ ಅನ್ನುವ ನಿಯಮ ಬಂದಿತ್ತು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ತಗೊಂಡಿತು. ನಾನು ಆಗ ಪೀಣ್ಯದಲ್ಲಿದ್ದೆ. ಗಲಾಟೆಗೆ ಕೆಲವು ವಾರ ಮುಂಚೆಯಿಂದಲೇ ಹೊಲಿಗೆ ಲೈನಿನವರು ಕೇಳುತ್ತಿದ್ದರು, 'ಮೇಡಂ, ನಮ್ ದುಡ್ಡು ನಮಗೇ ಕೊಡಲ್ವಂತೆ, ಹೌದಾ?' ನಿಯಮ ಓದಿ, ಯಾವ ಭಾಗ ತೆಗೆಯಬಹುದು, ಯಾವುದು ಆಗಲ್ಲ ಅಂತ ಕನ್ನಡದಲ್ಲಿ ಒಂದು ಪುಟ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದೆ. ಮಧ್ಯಾಹ್ನದೊಳಗೆ ಹೆಡ್ ಆಫೀಸಿನಿಂದ ಫೋನು: ಅದನ್ನು ತೆಗೆಯಿರಿ, ಅನುಮತಿ ಇಲ್ಲದ ಸಂವಹನ ಅದು, ಇಂಗ್ಲಿಷ್ ಡ್ರಾಫ್ಟ್ ಕಳಿಸಿ, ನೋಡಿ ಹೇಳ್ತೀವಿ. ಡ್ರಾಫ್ಟ್ ಕಳಿಸಿದೆ. ಉತ್ತರ ಬರುವ ಹೊತ್ತಿಗೆ ಜಾಲಹಳ್ಳಿ ಕ್ರಾಸಿನಲ್ಲಿ ಪೊಲೀಸರು ಲಾಠಿ ಹಿಡಿದು ನಿಂತಿದ್ದರು. ಫೋನು ಮಾಡಿದವರ ಸಹಿ ನನಗೆ ಇವತ್ತಿಗೂ ನೆನಪಿದೆ, ಒಂದೂವರೆ ಸಾಲಿತ್ತು.

ಹೋದ ವರ್ಷ ನನ್ನ ಹಳೇ ಟೀಮಿನ ಹುಡುಗಿ, ತುಮಕೂರು ಕಡೆಯವಳು, ಫೋನ್ ಮಾಡಿ ಕೇಳಿದಳು. 'ಅಕ್ಕಾ, ನಾನೂ ಒಂದು ಸರ್ಟಿಫಿಕೇಷನ್ ಮಾಡ್ಕೊಳ್ಳಲಾ? ಎಲ್ಲ ಸೇರಿ ಲಕ್ಷದ ಹತ್ರ ಆಗುತ್ತೆ. ಇಎಂಐ ಇದೆ ಅಂತಾರೆ.'

'ಕೆಲಸ ಬದಲಾಯಿಸಬೇಕಾ?'

'ಹೂಂ ಅಕ್ಕ. ರೆಸ್ಯೂಮೆ ಫಿಲ್ಟರಲ್ಲೇ ಬಿದ್ದೋಗ್ತಿದೆ.'

ಅದಕ್ಕೆ ನಾನೇನು ಹೇಳಲಿ? ಫಿಲ್ಟರ್ ನಿಜ. ಬಹುರಾಷ್ಟ್ರೀಯ ಕಂಪನಿಯ ನೇಮಕಾತಿ ಯಂತ್ರ ಆ ನಾಲ್ಕು ಅಕ್ಷರ ಹುಡುಕುತ್ತೆ, ಅದು ನನ್ನ ಸಿಟ್ಟಿನಿಂದ ಬದಲಾಗಲ್ಲ. ಎಂಎಸ್‌ಡಬ್ಲ್ಯು ಓದಿದ, ಕಾರ್ಮಿಕ ಕಾನೂನು ಬಲ್ಲ, ಎರಡು ಭಾಷೆಯಲ್ಲಿ ಅದನ್ನು ವಿವರಿಸಬಲ್ಲ ಹುಡುಗಿಗೆ ಅದು ಹೇಳೋದು ಏನಂದರೆ, ನಿನ್ನ ಜ್ಞಾನಕ್ಕೆ ಹೊರಗಿನ ಮುದ್ರೆ ಬಿದ್ದಿಲ್ಲ ಅಂತ. ಮಾಡ್ಕೊ ಅಂದೆ. ಆದರೆ ಪಾಸಾಗೋಕೆ ಕಾಯಬೇಡ, ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮಾಡು ಅಂದೆ. ಅದನ್ನು ನಿಮಗೂ ಹೇಳ್ತೀನಿ, ಯಾಕಂದ್ರೆ ಇದಕ್ಕೆ ಎಚ್‌ಆರ್ ಆಗಿರಬೇಕಾಗಿಲ್ಲ.

ಕರ್ನಾಟಕದ ಐಟಿ, ಐಟಿಇಎಸ್, ಸ್ಟಾರ್ಟಪ್, ಅನಿಮೇಷನ್, ಗೇಮಿಂಗ್ ಥರದ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತಾ ಬಂದಿತ್ತು. 2014ರಲ್ಲಿ ಕೊಟ್ಟಾಗ ಕೆಲವು ಷರತ್ತು ಹಾಕಿತು: ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು ಮತ್ತು ಅದರಲ್ಲಿ ಕಂಪನಿ ಕಡೆಯವರು, ಕೆಲಸಗಾರರ ಕಡೆಯವರು ಸಮಸಂಖ್ಯೆಯಲ್ಲಿರಬೇಕು, ಯಾರನ್ನಾದರೂ ಸಸ್ಪೆಂಡ್ ಮಾಡಿದರೆ, ಹಿಂಬಡ್ತಿ ಕೊಟ್ಟರೆ, ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. 2019ರಲ್ಲಿ, 2024ರಲ್ಲಿ ವಿನಾಯಿತಿ ಮುಂದುವರಿಯಿತು. ಐಟಿ ನೌಕರರ ಸಂಘ ಕೆಐಟಿಯು ಅದನ್ನು ವಿರೋಧಿಸುತ್ತಲೇ ಬಂದಿದೆ, ಷರತ್ತು ಪಾಲಿಸುವವರೇ ಇಲ್ಲ ಅನ್ನೋದು ಅವರ ವಾದ. 2020ರ ಕೈಗಾರಿಕಾ ಸಂಬಂಧ ಸಂಹಿತೆ ಕೂಡ 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಇಂಥ ಸಮಿತಿ ಬೇಕು, ಎರಡೂ ಕಡೆಯವರು ಸಮ ಇರಬೇಕು, ಹೆಂಗಸರು ಅವರ ಪ್ರಮಾಣಕ್ಕೆ ತಕ್ಕಂತೆ ಇರಬೇಕು ಅನ್ನುತ್ತೆ. ನಿಮ್ಮ ಎಚ್‌ಆರ್‌ಗೆ ಎರಡು ಸಾಲಿನ ಮೇಲ್ ಹಾಕಿ. ಜಗಳದ ದನಿ ಬೇಡ. ನಮ್ಮಲ್ಲಿ ಕುಂದುಕೊರತೆ ಸಮಿತಿಯಲ್ಲಿ ಕೆಲಸಗಾರರ ಕಡೆಯಿಂದ ಯಾರಿದ್ದಾರೆ, ಕೊನೆಯ ಸಲ ಅದು ಸೇರಿದ್ದು ಯಾವಾಗ ಅಂತ ಕೇಳಿ.

ತುಮಕೂರಿನ ಹುಡುಗಿ ತನ್ನ ಕಂಪನಿಯ ಫೈಲುಗಳಲ್ಲೇ ಹುಡುಕಿದಳು. ಸಮಿತಿ ಇತ್ತು, ರಚನೆಯ ಆದೇಶ ಇತ್ತು, ಸಹಿ ಸೀಲು ಎಲ್ಲ ಇತ್ತು. ಕೆಲಸಗಾರರ ಪ್ರತಿನಿಧಿಗಳು ಅಂತ ಐದು ಹೆಸರಿದ್ದವು. ಅದರಲ್ಲಿ ಮೂವರು ಕಂಪನಿ ಬಿಟ್ಟು ಎರಡು ವರ್ಷ ಆಗಿತ್ತಂತೆ. ಉಳಿದ ಇಬ್ಬರಿಗೆ ತಾವು ಅದರಲ್ಲಿದ್ದೇವೆ ಅಂತ ಅವಳು ಹೇಳಿದಾಗಲೇ ಗೊತ್ತಾಗಿದ್ದು.